ಹದಿನಾಲ್ಕು ಕಾಲಿನ ಅಪರಾಧಿ

ಮನೆ ಅಂದಮೇಲೆ ತಪ್ಪು ಹೊರಿಸುವುದಕ್ಕೆ ಯಾರಾದರೊಬ್ಬರು ಇರಲೇಬೇಕು. ಕೆಲವರ ಮನೆಯಲ್ಲಿ ಅದು ಸೊಸೆ, ಕೆಲವರಲ್ಲಿ ಶನಿಮಹಾತ್ಮ, ಇನ್ನು ಕೆಲವರಲ್ಲಿ ವಾಸ್ತು. ನಮ್ಮ ಪಕ್ಕದ ಮನೆಯ ಮೇಷ್ಟರು ಬಡ್ತಿ ಸಿಗದ್ದಕ್ಕೆ ಅಡುಗೆಮನೆಯ ಬಾಗಿಲೇ ಕಾರಣವೆಂದು ಅದನ್ನು ಕಿತ್ತು ಕಿತ್ತು ಮೂರು ದಿಕ್ಕಿಗೆ ಕೂರಿಸಿದರು. ಬಡ್ತಿ ಬರಲಿಲ್ಲ, ನಿವೃತ್ತಿ ಬಂತು. ನಾಲ್ಕನೆಯ ದಿಕ್ಕೊಂದು ಉಳಿದುಹೋಯಿತಲ್ಲ ಎಂದು ಅವರು ಈಗಲೂ ಪೇಚಾಡುತ್ತಾರೆ. ನಮ್ಮ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಈ ಕೆಲಸಕ್ಕೆ ಇದ್ದದ್ದು ಒಂದು ಐಸಿ, ಅಂದರೆ ಟಿವಿ ರೇಡಿಯೋಗಳ ಒಳಗೆ ಕೂರುವ ಚಿಪ್ಪು. ಕಪ್ಪು ಬಣ್ಣ, ಹುಣಿಸೆಬೀಜಕ್ಕಿಂತ ಒಂದಿಷ್ಟು ಉದ್ದ, ಎರಡು ಬದಿಗೂ ಏಳೇಳರಂತೆ ಹದಿನಾಲ್ಕು ಕಾಲು. ಬೈದರೆ ತಿರುಗಿ ಮಾತಾಡುವುದಿಲ್ಲ, ತವರಿಗೆ ಹೋಗುತ್ತೇನೆ ಅನ್ನುವುದಿಲ್ಲ, ನೆಂಟರ ಮುಂದೆ ಕಣ್ಣೀರಿಡುವುದಿಲ್ಲ. ಇಷ್ಟು ಅನುಕೂಲದ ಅಪರಾಧಿ ಬೇರೆ ಯಾರಿಗಾದರೂ ಸಿಕ್ಕಿದ್ದರೆ ಹೇಳಿ. ನಮ್ಮ ಮದುವೆಯ ವಿಡಿಯೋದಲ್ಲಿ ಧಾರೆಯೇ ಇಲ್ಲ. ಅದಕ್ಕೆ ಈ ಐಸಿಯೇ ಕಾರಣವೆಂದು ನನ್ನ ಹೆಂಡತಿ ರತ್ನಳಿಗೆ ನಾನು ಹೇಳುತ್ತಾ ಬಂದೆ. ಅವಳು ನಂಬಿದಳೋ ಇಲ್ಲವೋ, ಬೈಯುವುದಂತೂ ನನ್ನನ್ನೇ ಬೈದಳು.

ನಾನು ಗುಂಡ್ಲುಪೇಟೆಯಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟವನು. ಈಗ ಅಂಗಡಿಗೆ ಬರುವುದು ಮಿಕ್ಸಿ, ಚಾರ್ಜರು, ಸೀಳುಬಿಟ್ಟ ಮೊಬೈಲಿನ ಗಾಜು. ಬೋರ್ಡು ಮಾತ್ರ ಇನ್ನೂ ಟಿ.ವಿ., ವಿ.ಸಿ.ಆರ್. ಕ್ಲಿನಿಕ್ ಅನ್ನುತ್ತದೆ. ಆ ಕಾಲದಲ್ಲಿ ನನ್ನ ದರ್ಬಾರು ನೀವು ನೋಡಬೇಕಿತ್ತು. ಭಾನುವಾರ ಸಂಜೆ ಸಿನಿಮಾ ಶುರುವಾಗುವ ಹೊತ್ತಿಗೆ ಟಿವಿ ಕೆಟ್ಟರೆ ಮನೆಯವರು ಡಾಕ್ಟರ ಬಳಿಗಿಂತ ಮೊದಲು ನನ್ನ ಬಳಿಗೆ ಓಡಿಬರುತ್ತಿದ್ದರು. ಊರಿಗೆ ಕೇಬಲ್ ಬಂದಾಗ ಕಂಟ್ರೋಲ್ ರೂಮಿನ ಉಸ್ತುವಾರಿಯೂ ನನ್ನದೇ. ನಮ್ಮೂರೋ ಕೇರಳದ ರಸ್ತೆ, ಊಟಿಯ ರಸ್ತೆ ಎರಡೂ ಹಾದುಹೋಗುವ ಊರು. ಬಸ್ ನಿಲ್ದಾಣದ ಚಹಾದಂಗಡಿ ಕಾಕನಿಗೆ ಮಲಯಾಳಂ ವಾರ್ತೆ ಬೇಕು, ತರಕಾರಿ ಮಂಡಿಯವರಿಗೆ ತಮಿಳು ಹಾಡು ಬೇಕು, ಉಳಿದ ಊರಿಗೆಲ್ಲ ಕನ್ನಡ ಧಾರಾವಾಹಿ ಬೇಕು. ಖಾಲಿ ಇದ್ದದ್ದು ಒಂದೇ ಚಾನೆಲ್ಲು. ಗಂಟೆಗೊಮ್ಮೆ ಒಂದು ಪಿನ್ನು ಕಿತ್ತು ಇನ್ನೊಂದು ಸಿಕ್ಕಿಸಬೇಕು. ಹಾಗೆ ಕಿತ್ತಾಗಲೆಲ್ಲ ಚಿತ್ರ ಮೇಲಕ್ಕೆ ಹಾರಿ ಉರುಳಾಡಿ, ಇಡೀ ಪೇಟೆ ಒಂದೇ ಬಾಯಲ್ಲಿ ನನ್ನನ್ನು ಶಪಿಸುತ್ತಿತ್ತು.

ಆಗ ನನ್ನ ಬದುಕಿಗೆ ಬಂದದ್ದು ಈ ಐಸಿ. ನಂಬರು ನಾಲ್ಕು ಸೊನ್ನೆ ಆರು ಆರು. ಗೋಡೆಯ ಸ್ವಿಚ್ಚಿನಲ್ಲಿರುವ ಹಾಗೆ ಇದರಲ್ಲಿ ಸ್ಪ್ರಿಂಗೂ ಇಲ್ಲ, ಕಡ್ಡಿಯೂ ಇಲ್ಲ. ಒಳಗೆ ಕಣ್ಣಿಗೆ ಕಾಣದ ನಾಲ್ಕು ಗೇಟುಗಳಿವೆ. ಒಂದು ಕಾಲಿಗೆ ತುಸು ವೋಲ್ಟೇಜು ಮುಟ್ಟಿಸಿದರೆ ಗೇಟು ತೆರೆದು ಚಿತ್ರ ಹಾದುಹೋಗುತ್ತದೆ, ತೆಗೆದರೆ ಮುಚ್ಚಿಕೊಳ್ಳುತ್ತದೆ. ಟಕ್ ಅನ್ನುವ ಸದ್ದು ಕೂಡ ಇಲ್ಲ. ಒಂದೇ ಒಂದು ಕುಂದು ಅಂದರೆ, ಮುಚ್ಚಿದ ಗೇಟಿನ ಸಂದಿಯಿಂದಲೂ ಅಷ್ಟಿಷ್ಟು ಚಿತ್ರ ಸೋರುತ್ತಿತ್ತು. ಕನ್ನಡ ಧಾರಾವಾಹಿಯ ಅತ್ತೆ ಗೋಳಾಡುವಾಗ ಅವಳ ಮೈಮೇಲೆ ಮಲಯಾಳಂ ವಾರ್ತೆ ಓದುವವನು ನೆರಳಿನಂತೆ ಕಾಣಿಸಿಕೊಳ್ಳುತ್ತಿದ್ದ. ಕಾಕ ಒಂದು ದಿನ ಅಂಗಡಿಗೇ ಬಂದು, "ಮಾದೇವಣ್ಣ, ನಮ್ಮ ವಾರ್ತೆ ಓದೋನಿಗೆ ಸೀರೆ ಯಾಕೆ ಉಡ್ಸಿದ್ದೀರಾ?" ಎಂದು ಕೇಳಿದ. ಅಂದಿನಿಂದ ತಂತಿಗಳನ್ನು ದೂರ ದೂರ ಇಟ್ಟು ಬೆಸೆಯುವುದನ್ನು ಕಲಿತೆ.

ಇಷ್ಟು ಕಲಿತವನು ನನ್ನ ಮದುವೆಯ ದಿನ ಸುಮ್ಮನೆ ಹಸೆಮಣೆಯ ಮೇಲೆ ಕೂತಿದ್ದರೆ ಎಲ್ಲ ಸರಿಹೋಗುತ್ತಿತ್ತು. ಎಲ್ಲರೂ ಮದುವೆಗೆ ಮುಂಚಿನ ವಾರ ಸೂಟು ಹೊಲಿಸುತ್ತಾರೆ, ನಾನು ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ತೂತು ಕೊರೆಯುತ್ತಾ ಕೂತಿದ್ದೆ. ಚಾಮರಾಜನಗರ ಹೊಸದಾಗಿ ಜಿಲ್ಲೆಯಾಗಿದ್ದ ಹೊತ್ತು ಅದು. ಅಲ್ಲಿನ ಒಂದು ಛತ್ರದಲ್ಲಿ ಮದುವೆ. ಮೇಲೆ ಮಂಟಪ, ಕೆಳಗೆ ಊಟದ ಹಾಲ್. ವಿಡಿಯೋ ತೆಗೆಯಲು ನನ್ನ ಗೆಳೆಯ ನಂಜುಂಡ ಒಪ್ಪಿಕೊಂಡಿದ್ದ. ಅವನ ಹತ್ತಿರ ಎರಡು ಹಳೆಯ ಕ್ಯಾಮೆರಾಗಳಿದ್ದವು. ಎರಡರಲ್ಲೂ ಟೇಪು ಓಡಿಸುವ ಭಾಗ ಸತ್ತುಹೋಗಿ ಕಣ್ಣು ಮಾತ್ರ ಉಳಿದಿತ್ತು. ಹಾಗಾಗಿ ಚಿತ್ರವನ್ನು ತಂತಿಯಲ್ಲಿ ಎಳೆದು ತಂದು ಬೇರೆ ವಿಸಿಆರಿನಲ್ಲಿ ತುಂಬಿಸಬೇಕಿತ್ತು. ಮಂಟಪದಲ್ಲಿ ಒಂದು ಕ್ಯಾಮೆರಾ, ಅದು ನಂಜುಂಡನ ಹೆಗಲ ಮೇಲೆ. ಊಟದ ಹಾಲಿನ ಗೋಡೆಗೆ ಇನ್ನೊಂದನ್ನು ಬಿಗಿದದ್ದು, ಅದಕ್ಕೆ ಆಳು ಬೇಡ. ಹಾಲಿನ ಎದುರು ಮೂಲೆಯಲ್ಲಿ, ಉಗ್ರಾಣದ ಬಾಗಿಲ ಪಕ್ಕ ಒಂದು ಮೇಜು. ಅದರ ಮೇಲೆ ವಿಸಿಆರು, ನನ್ನ ಡಬ್ಬ, ಮತ್ತು ನನ್ನ ಅಂಗಡಿಯಿಂದ ಹೊತ್ತು ತಂದ ಟಿವಿ.

ಟಿವಿ ಯಾಕೆ ಅಂದಿರಾ? ಆ ಕಾಲದಲ್ಲಿ ತಮ್ಮನ್ನು ತಾವೇ ಟಿವಿಯಲ್ಲಿ ನೋಡಿಕೊಳ್ಳುವುದು ಎಂಥ ಸುಖವೆಂದು ಈಗಿನವರಿಗೆ ಹೇಳಿದರೆ ಅರ್ಥವಾಗದು. ಪಂಕ್ತಿಯಲ್ಲಿ ಕೂತವರು ತಾವು ಉಣ್ಣುವುದನ್ನು ತಾವೇ ನೋಡುತ್ತಾ ಉಣ್ಣಲಿ ಎಂದು ನನ್ನ ಆಸೆ. ಡಬ್ಬಕ್ಕೆ ಒಂದೇ ಗುಂಡಿ. ಒತ್ತದಿದ್ದರೆ ಮಂಟಪ ಟೇಪಿಗೆ, ಊಟ ಟಿವಿಗೆ. ಒತ್ತಿದರೆ ಅದಲುಬದಲು: ಊಟ ಟೇಪಿಗೆ, ಮಂಟಪ ಟಿವಿಗೆ. ಒಂದೇ ಚಿತ್ರವನ್ನು ಎರಡು ಕಡೆಗೂ ಹಂಚಬಹುದಿತ್ತು, ಆದರೆ ಹಾಗೆ ಹಂಚಿದರೆ ಎರಡು ಕಡೆಯೂ ಚಿತ್ರ ಕಂದುತ್ತದೆ. ನನ್ನ ಮದುವೆ ಕಂದಬಾರದಲ್ಲ! ಧ್ವನಿ ಮಾತ್ರ ಮಂಟಪದ ಮೈಕಿನಿಂದ ನೇರವಾಗಿ ಟೇಪಿಗೇ ಹೋಗುತ್ತಿತ್ತು. "ಧಾರೆ ಎಲ್ಲಾ ಮುಗುದ್ಮೇಲೆ ಕೆಳಕ್ ಬಂದು ಗುಂಡಿ ಒತ್ತು. ಉಣ್ಣೋರ್ನ ಒಂದತ್ ನಿಮ್ಸ ಟೇಪ್‌ಗ ತಗಂಡು ತಿರ್ಗ ಒತ್ಬುಡು," ಎಂದು ನಂಜುಂಡನಿಗೆ ಎರಡೆರಡು ಸಲ ಹೇಳಿ ಹಸೆಮಣೆ ಏರಿದೆ. ಪುರೋಹಿತರು ಮಂತ್ರ ಹೇಳುತ್ತಿದ್ದಾಗಲೂ ನನ್ನ ಮನಸ್ಸು ಕೆಳಗಿನ ಡಬ್ಬದಲ್ಲೇ ಇತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಮದುವೆಯಾದ ವಾರಕ್ಕೆ ನಾನು, ರತ್ನ ಇಬ್ಬರೇ ಕೂತು ಟೇಪು ಹಾಕಿದೆವು. ಹೊಸ ಹೆಂಡತಿಗೆ ನನ್ನ ಕರಾಮತ್ತು ತೋರಿಸುವ ಹುಮ್ಮಸ್ಸು. ಅರಿಸಿನ ಬಂತು, ಕಾಶಿಯಾತ್ರೆ ಬಂತು, ಅಂತರಪಟ ಸರಿಯಿತು, ಓಲಗ ಜೋರಾಯಿತು. ಇನ್ನೇನು ಧಾರೆ ಅನ್ನುವಾಗ ಪರದೆಯ ಮೇಲೆ ಖಾಲಿ ಮೇಜುಗಳು ಸಾಲಾಗಿ ಬಂದು ನಿಂತವು. ಜನರೆಲ್ಲ ಹಾಲೆರೆಯಲು ಮೇಲೆ ಹೋಗಿದ್ದರಿಂದ ಊಟದ ಹಾಲಿನಲ್ಲಿ ನರಪಿಳ್ಳೆ ಕಾಣಲಿಲ್ಲ. ಹಿಂದೆ ಮಂತ್ರ ಕೇಳುತ್ತಿದೆ, ಮುಂದೆ ಹಾಸಿದ ಬಾಳೆಲೆ ಗಾಳಿಗೆ ಅಲ್ಲಾಡುತ್ತಿದೆ. ರತ್ನ ಆ ಎಲೆಗಳನ್ನು ಎರಡು ಕ್ಷಣ ನೋಡಿದಳು. "ಏನ್ರಿ ಇದು? ನನ್ ಧಾರೆ ಟೈಮಲ್ಲಿ ಬಾಳೆಲೆ ಅದ?" ಎಂದಳು. ನನ್ನ ಬಾಯಿಗೆ ಮೊದಲು ಬಂದದ್ದು ಐಸಿ. "ಐಸಿ ಕೈಕೊಟ್ಬುಡ್ತು ಕಣಮ್ಮಿ. ಬಿಸಿ ಆಗ್ಬುಟ್ಟು ಅದೇ ಅದಲುಬದಲು ಮಾಡ್ಬುಡ್ತು," ಅಂದೆ. "ನಾ ನಿಮ್ಮನ್ನ ಮದ್ವೆ ಆದ್ನಾ, ಐಸಿನ ಮದ್ವೆ ಆದ್ನಾ?" ಎಂದು ಎದ್ದು ಒಳಗೆ ಹೋದಳು. ನಾನು ಟೇಪನ್ನು ಫಾರ್ವರ್ಡ್ ಒತ್ತಿ ಓಡಿಸಿದೆ. ಗೆರೆಗೆರೆಯ ನಡುವೆ ಮೇಜು, ಮೇಜು, ಮೇಜು. ಮಂಟಪ ತಿರುಗಿ ಬರುವಷ್ಟರಲ್ಲಿ ಹನ್ನೊಂದು ನಿಮಿಷ ಕಳೆದುಹೋಗಿತ್ತು; ತಾಳಿ ಬಿದ್ದಾಗಿತ್ತು, ನಾನು ಪೇಟ ಎತ್ತಿ ಬೆವರು ಒರೆಸಿಕೊಳ್ಳುತ್ತಿದ್ದೆ. ಟೇಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಟ್ಟಕ್ಕೆ ಎಸೆದೆ. ಆಮೇಲೆ ಯಾರೂ ಅದನ್ನು ನೋಡಲಿಲ್ಲ. ಆದರೆ ಮನೆಯಲ್ಲಿ ಹಾಲು ಉಕ್ಕಿದರೂ, ಗ್ಯಾಸು ಮುಗಿದರೂ, ನಾನು ಬಸ್ಸು ತಪ್ಪಿಸಿಕೊಂಡರೂ ರತ್ನ ಒಂದೇ ಮಾತು ಅನ್ನುತ್ತಿದ್ದಳು: "ಐಸಿ ಕೈಕೊಡ್ತಾ?"

ಹೋದ ವರ್ಷ ನಮ್ಮತ್ತೆ ಚೆನ್ನಾಜಮ್ಮ ತೀರಿಕೊಂಡರು. ಸಂತೆಮರಹಳ್ಳಿಯವರು. ರತ್ನ ಎರಡನೇ ಕ್ಲಾಸಿನಲ್ಲಿದ್ದಾಗಲೇ ಗಂಡನನ್ನು ಕಳೆದುಕೊಂಡು, ಸಂತೆಯಲ್ಲಿ ವೀಳ್ಯದೆಲೆ ಮಾರಿ ಮಗಳನ್ನು ಸಾಕಿದವರು. ಈ ವರ್ಷ ಪಿತೃಪಕ್ಷಕ್ಕೆ ಅವರಿಗೆ ಮೊದಲ ಸಲ ಎಡೆ ಇಡಬೇಕು, ಎಡೆಯ ಮುಂದೆ ಇಡಲು ಫೋಟೋ ಬೇಕು. ಹುಡುಕಲು ಹೊರಟಾಗ ಗೊತ್ತಾಯಿತು, ಆ ಮಹಾತಾಯಿಯ ಒಂದು ಫೋಟೋವೂ ಇಲ್ಲ. ನನ್ನ ಫೋನಿನಲ್ಲಿ ಹದಿನೇಳು ಇವೆ, ಹದಿನೇಳರಲ್ಲೂ ಇರುವುದು ಸೆರಗು. ಯಾರಾದರೂ ಫೋನು ಎತ್ತಿದರೆ ಸಾಕು, "ನನ್ ಮಕ ಏನ್ ನೋಡೀರಿ ಬುಡಿ," ಎಂದು ಮುಖ ಮುಚ್ಚಿ ತಿರುಗಿಬಿಡುತ್ತಿದ್ದರು. ಉಳಿದದ್ದು ವೋಟಿನ ಗುರುತಿನ ಚೀಟಿ. ಅದನ್ನು ದೊಡ್ಡದು ಮಾಡಿಸಿ ತಂದೆ. ಆ ಚೀಟಿಯಲ್ಲಿ ಯಾರು ತಾನೇ ಮನುಷ್ಯರ ಹಾಗೆ ಕಾಣುತ್ತಾರೆ? ಯಾರದೋ ಕೋಳಿ ಕದ್ದು ಸಿಕ್ಕಿಬಿದ್ದವರ ಹಾಗೆ ಅತ್ತೆ ಕಣ್ಣು ಬಿಟ್ಟುಕೊಂಡಿದ್ದರು. ರತ್ನ ಅದನ್ನು ನೋಡಿ ನಗಲೂ ಇಲ್ಲ, ನನ್ನನ್ನು ಬೈಯಲೂ ಇಲ್ಲ. ಮಡಚಿ ಬೀರುವಿನಲ್ಲಿಟ್ಟು, "ಅವ್ವ ಹಿಂಗಿರ್ನಿಲ್ಲ ಕಣ್ರಿ," ಅಂದಳು. ಅವಳು ಬೈಯದೆ ಬಿಟ್ಟಾಗ ನನಗೆ ಭಯವಾಗುತ್ತದೆ.

ಮಾರನೆಯ ದಿನ ಅವಳೇ ಟೇಪಿನ ಮಾತು ತೆಗೆದಳು. "ಆ ಟೇಪಲ್ಲಿ ಎಲ್ಲಾರ ಒಂದ್ಕಡ ಅವ್ವ ಇದ್ದೇ ಇರ್ತದ. ಬಾಗ್ಲಲ್ಲೋ ಮೂಲೇಲೋ. ಹುಡ್ಕಿಕೊಡಿ. ಅಮಾಸೆ ಒಳ್ಗ ಬೇಕು." ನಾನು ಹೂಂಗುಟ್ಟಿದೆನೇ ಹೊರತು ಎದೆಯಲ್ಲಿ ಅಳುಕು. ಯಾಕೆಂದರೆ ಅತ್ತೆ ಅವತ್ತು ಮಂಟಪದ ಕಡೆ ಬಂದೇ ಇರಲಿಲ್ಲ. ಧಾರೆ ಎರೆದುಕೊಟ್ಟದ್ದು ರತ್ನಳ ದೊಡ್ಡಪ್ಪ, ದೊಡ್ಡಮ್ಮ. ಗಂಡನಿಲ್ಲದವರು ಆ ಹೊತ್ತಿಗೆ ಅಲ್ಲಿ ಸುಳಿಯಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳುವ ಮೊದಲೇ ಅತ್ತೆ ಉಗ್ರಾಣದ ಬೀಗದಕೈ ಇಸಿದುಕೊಂಡು ಕೆಳಗೆ ಉಳಿದಿದ್ದರು. ಊರಿಗೆಲ್ಲ ಚಿತ್ರ ಹಂಚುವ ನಾನು, ಹುಡುಗಿಯ ತಾಯಿ ಎಲ್ಲಿ ಎಂದು ಒಂದು ಮಾತು ಕೇಳಲಿಲ್ಲ. ನೆನೆದರೆ ಈಗ ನಾಚಿಕೆಯಾಗುತ್ತದೆ.

ಟೇಪು ತೆಗೆಯಲು ಅಟ್ಟ ಹತ್ತಿದಾಗ ಅದರ ಪಕ್ಕದಲ್ಲೇ ಬಿಸ್ಕತ್ತಿನ ಡಬ್ಬವೂ ಸಿಕ್ಕಿತು. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಡಬ್ಬಕ್ಕೆ ಏನೂ ಆಗಿರಲಿಲ್ಲ. ಕೈ ಸುಮ್ಮನಿರಬೇಕಲ್ಲ! ಅಂಗಡಿಗೆ ಒಯ್ದು, ಬ್ಯಾಟರಿ ಕೊಟ್ಟು, ಮೀಟರು ಹಿಡಿದು ಒಂದೊಂದೇ ಗೇಟು ನೋಡಿದೆ. ತೆರೆ ಅಂದರೆ ತೆರೆಯಿತು, ಮುಚ್ಚು ಅಂದರೆ ಮುಚ್ಚಿತು. ಐಸಿಯನ್ನು ಬಿಸಿ ಮಾಡಿ ನೋಡಿದೆ, ಬಡಿದು ನೋಡಿದೆ, ಗುಂಡಿಯನ್ನು ನೂರು ಸಲ ಒತ್ತಿದೆ. ನಾಲ್ಕೂ ಗೇಟು ಚಿನ್ನದಂಥವು. ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ನಾನು ಈ ಪರೀಕ್ಷೆ ಮಾಡಿರಲಿಲ್ಲ ಅಂದರೆ ನೀವು ನಗುತ್ತೀರಿ. ಮಾಡಿರಲಿಲ್ಲ ಯಾಕೆಂದರೆ ಐಸಿ ಸರಿಯಿದೆ ಎಂದು ಗೊತ್ತಾಗಿಬಿಟ್ಟರೆ ತಪ್ಪು ಇನ್ನೊಬ್ಬನ ತಲೆಗೆ ಬರುತ್ತದೆ, ಮನೆಯಲ್ಲಿ ಆ ಇನ್ನೊಬ್ಬ ನಾನೊಬ್ಬನೇ. ಡಬ್ಬವನ್ನು ಹಳೆಯ ರಿಮೋಟುಗಳ ಕೆಳಗೆ ಹುಗಿದಿಟ್ಟು ಮನೆಗೆ ಬಂದೆ. "ಏನಂತದ ನಿಮ್ ಐಸಿ?" ಎಂದು ರತ್ನ ಕೇಳಿದಳು. "ಪೂರಾ ಸುಟ್ಟೋಗ್ಬುಟ್ಟದ," ಅಂದೆ.

ವಿಸಿಆರು ಈಗ ಯಾರ ಬಳಿಯೂ ಇಲ್ಲ, ವಿಸಿಆರ್ ಕ್ಲಿನಿಕ್ಕಿನಲ್ಲೂ ಇಲ್ಲ. ಇರುವುದು ನಂಜುಂಡನ ಹತ್ತಿರ. ಅವನು ಚಾಮರಾಜನಗರದಲ್ಲಿ ಸ್ಟುಡಿಯೋ ಇಟ್ಟುಕೊಂಡು, ಪಾಸ್‌ಪೋರ್ಟ್ ಸೈಜು ಫೋಟೋ ತೆಗೆಯುತ್ತಾ, ಹಳೆಯ ಮದುವೆಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುತ್ತಾ ಇದ್ದಾನೆ. ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ನಾವಿಬ್ಬರೂ ಬಸ್ಸು ಹತ್ತಿದೆವು. ರತ್ನ ಟೇಪನ್ನು ಹಳೆಯ ರೇಷ್ಮೆ ಕುಪ್ಪಸದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಸ್ಪೀಕರಿನ ಆಯಸ್ಕಾಂತಕ್ಕೆ ಟೇಪು ಅಳಿಸಿಹೋಗುತ್ತದೆ ಎಂದು ನಾನು ಬಾಯಿ ಚಪಲಕ್ಕೆ ಹೇಳಿದ್ದೇ ತಪ್ಪಾಯಿತು. ಅವಳು ತಲೆಯೆತ್ತಿ ಬಸ್ಸಿನ ಸ್ಪೀಕರುಗಳನ್ನೆಲ್ಲ ಎಣಿಸಿ, ತೆರಕಣಾಂಬಿ ಬರುವಷ್ಟರಲ್ಲಿ ಮೂರು ಸೀಟು ಬದಲಾಯಿಸಿದಳು. ಕಂಡಕ್ಟರು, "ಏನಮ್ಮ, ಬಸ್ಸೆಲ್ಲಾ ನಿಮ್ದೇಯಾ?" ಎಂದ. "ನಮ್ಮವ್ವ ಅವ್ಳ ಕಣಪ್ಪ ಇದ್ರೊಳ್ಗ," ಎಂದಳು. ಅವನು ಮಡಿಲಿನ ಗಂಟನ್ನೂ ನನ್ನ ಮುಖವನ್ನೂ ನೋಡಿ, ಏನು ತಿಳಿದುಕೊಂಡನೋ, ಕೈಮುಗಿದು ಮುಂದೆ ಹೋದ.

ನಂಜುಂಡ ಟೇಪನ್ನು ಬಿಚ್ಚಿ, ಬೂಷ್ಟು ಒರೆಸಿ, ಎರಡು ಕಡೆ ಮುರುಟಿದ್ದನ್ನು ಬೆರಳಿನಿಂದ ತೀಡಿದ. "ಒಂದ್ಸಲ ಓಡ್ತದ ತಂಗ್ಯವ್ವ. ಎರಡ್ನೇ ಸಲಕ್ಕ ನಾ ಗ್ಯಾರಂಟಿ ಕೊಡಕಿಲ್ಲ. ಓಡೋವಾಗ್ಲೇ ಕಂಪ್ಯೂಟ್ರಿಗ ಇಳ್ಸ್ಕಬುಡನ," ಎಂದ. ರತ್ನ ಮೊಣಕಾಲು ಪರದೆಗೆ ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡಳು. ಮದುವೆ ಶುರುವಾಯಿತು. ಅಯ್ಯೋ, ಆ ಮೀಸೆಗಳು! ಆ ಅಗಲ ಕಾಲರಿನ ಅಂಗಿಗಳು! ಕ್ಯಾಮೆರಾ ಹತ್ತಿರ ಬಂದ ಕೂಡಲೇ ಉಸಿರು ಬಿಗಿಹಿಡಿದು ಕೂರುವ ಹೆಂಗಸರು. ಪರದೆಯಲ್ಲಿ ಹಾದುಹೋದವರಲ್ಲಿ ಅರ್ಧ ಜನ ಈಗಿಲ್ಲ. ನಮ್ಮಪ್ಪ ಇಲ್ಲ, ಆ ದೊಡ್ಡಪ್ಪ ಇಲ್ಲ, ಓಲಗದವರಲ್ಲಿ ಒಬ್ಬರೂ ಇಲ್ಲ. ಅವರೆಲ್ಲ ಅಲ್ಲಿ ಎಲೆಅಡಿಕೆ ಹಾಕಿಕೊಂಡು ನಗುತ್ತಿದ್ದರು. ನಾನು ಕೂಡ ಇದ್ದೆ, ಕಡ್ಡಿಯಷ್ಟು ತೆಳ್ಳಗೆ, ತಲೆತುಂಬ ಕೂದಲು. "ನೋಡಮ್ಮಿ, ನನ್ ಕೂದ್ಲಾ," ಅಂದೆ. "ಅತ್ಲಾಗ್ ಸರೀರಿ, ನಿಮ್ ಹಿಂದ್ಗಡೆ ಯಾರೋ ನಿಂತವ್ರ," ಎಂದಳು. ಒಂದು ಗಂಟೆ ಕಳೆಯಿತು. ಪ್ರತಿ ಬಾಗಿಲು, ಪ್ರತಿ ಕಂಬದ ಮರೆ ಹುಡುಕಿದಳು. ಅತ್ತೆ ಎಲ್ಲೂ ಇರಲಿಲ್ಲ.

ಅಂತರಪಟ ಸರಿಯಿತು. "ಇಲ್ಲಿಂದ ಮುಂದ ಬರೀ ಬಾಳೆಲೆ ಕಣ್ಲಾ, ಓಡ್ಸ್ಬುಡು," ಅಂದೆ. ನಂಜುಂಡ ನನ್ನ ಕಡೆ ನೋಡದೆ, "ಬ್ಯಾಡ, ಓಡ್ಲಿ ಬುಡು," ಎಂದ. ರತ್ನ ಕೂಡ, "ಒಂದ್ ಮೂಲೆನೂ ಬುಡ್ಬ್ಯಾಡಿ," ಎಂದಳು. ಚಿತ್ರ ಬದಲಾಯಿತು. ಅದೇ ಖಾಲಿ ಹಾಲು, ಅದೇ ಮೇಜಿನ ಸಾಲು. ಆದರೆ ಈ ಸಲ ಗೆರೆಗಳಿರಲಿಲ್ಲ, ಯಾರೂ ಓಡಿಸುತ್ತಿರಲಿಲ್ಲ. ದೂರದ ಎದುರು ಮೂಲೆಯಲ್ಲಿ, ಅವತ್ತು ನಾವಿಬ್ಬರೂ ಕಣ್ಣು ಹಾಯಿಸದಿದ್ದ ಕಡೆ, ನನ್ನ ಟಿವಿ, ಪಕ್ಕದಲ್ಲಿ ಡಬ್ಬ. ಡಬ್ಬದ ಗುಂಡಿಯಿಂದ ಒಂದು ಕೈ ಹಿಂದಕ್ಕೆ ಸರಿಯುತ್ತಿತ್ತು.

"ಅವ್ವ," ಎಂದಳು ರತ್ನ.

ಮಾಸಿದ ಬಿಳಿ ಸೀರೆಯ ಚೆನ್ನಾಜಮ್ಮ ಗುಂಡಿ ಒತ್ತಿ, ಆ ಕಡೆ ಈ ಕಡೆ ನೋಡಿ, ಟಿವಿಯ ಮುಂದೆ ಬಂದು ನಿಂತರು. ಟಿವಿ ಓರೆಯಾಗಿ ಇದ್ದುದರಿಂದ ಅವರ ಮುಖ ಒಂದು ಪಕ್ಕದಿಂದ ಪೂರ್ತಿ ಕಾಣುತ್ತಿತ್ತು. ಟಿವಿಯಲ್ಲಿ ಮಂಟಪ. ಮಗಳ ಧಾರೆ ಮೇಲೆ ನಡೆಯುತ್ತಿತ್ತು, ತಾಯಿ ಕೆಳಗೆ ನಿಂತು ಕೈಮುಗಿದು ನೋಡುತ್ತಿದ್ದರು. ಧ್ವನಿ ಮೇಲಿನದೇ ಆದ್ದರಿಂದ ನಮಗೆ ಒಂದೊಂದು ಮಂತ್ರವೂ ಅವರ ಮುಖದ ಮೇಲೆಯೇ ಕೇಳಿಸುತ್ತಿತ್ತು. ಪುರೋಹಿತರು ಗಟ್ಟಿಮೇಳ ಎಂದು ಕೂಗಿದರು. ಅತ್ತೆ ಸೆರಗಿನೊಳಗಿಂದ ಮುಷ್ಟಿ ತೆಗೆದರು. ಉಗ್ರಾಣದ ಮೂಟೆಯಿಂದ ಹಿಡಿದು ತಂದಿದ್ದ ಅಕ್ಕಿ. ಅದನ್ನು ಟಿವಿಯ ಗಾಜಿನ ಮೇಲೆ, ಮೆಲ್ಲಗೆ, ಮೂರು ಸಲ ಹಾಕಿದರು. ಹಾಕಿ, ನೆಟಿಗೆ ಮುರಿದರು. ಆಮೇಲೆ ಈ ಕಡೆ ತಿರುಗಿ, ಯಾರೂ ಇಲ್ಲದ ಆ ಹಾಲಿನಲ್ಲಿ, ಸೆರಗು ಅಡ್ಡ ಹಿಡಿಯದೆ ಬಾಯ್ತುಂಬ ನಕ್ಕರು. ಟಿವಿಯಲ್ಲಿ ಮಂಟಪ ಬಂದಮೇಲೂ ಗೋಡೆಯ ಕ್ಯಾಮೆರಾ ತಮ್ಮನ್ನು ನೋಡುತ್ತಲೇ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಕಣ್ಣು ಒರೆಸಿಕೊಂಡು, ಮತ್ತೆ ಟಿವಿ ನೋಡಿ, ಮತ್ತೆ ನಕ್ಕು, ಕಡೆಗೆ ಮೇಜಿನ ಮೇಲೆ ಚೆಲ್ಲಿದ ಅಕ್ಕಿಯನ್ನು ಕಾಳು ಕಾಳಾಗಿ ಆರಿಸಿ ಸೆರಗಿಗೆ ಕಟ್ಟಿಕೊಂಡರು. ಮದುವೆ ಮುಗಿದ ಮೇಲೆ ಆ ಟಿವಿಯ ಹಿಂಬದಿ ಬಿಚ್ಚಿದಾಗ ನಾಲ್ಕಾರು ಅಕ್ಕಿಕಾಳು ಸಿಕ್ಕಿದ್ದವು. ಛತ್ರದಲ್ಲಿ ಇಲಿ ಕಾಟ ಎಂದು ನಾನು ಊದಿ ಒಗೆದಿದ್ದೆ. ಅತ್ತೆ ಡಬ್ಬದ ಹತ್ತಿರ ಬಂದು ಗುಂಡಿ ಒತ್ತಿದರು. ಪರದೆಯ ಮೇಲೆ ತಟ್ಟನೆ ನಾನು ಪ್ರತ್ಯಕ್ಷವಾಗಿ ಬೆವರು ಒರೆಸಿಕೊಂಡೆ. ಅಷ್ಟು ಕೆಟ್ಟದಾಗಿ ನಾನು ನನಗೇ ಎಂದೂ ಕಂಡಿರಲಿಲ್ಲ.

ಆಮೇಲೆ ನಂಜುಂಡನೇ ಬಾಯಿ ಬಿಟ್ಟ. "ನಾನೇ ಕಣ್ಲಾ ಯೋಳ್ಕೊಟ್ಟಿದ್ದು. ಬೆಳಗ್ಗೆ ತಿಂಡಿ ತಿನ್ನೋವಾಗ ಆವಮ್ಮ ಬಂದು, ‘ಮ್ಯಾಲಿಂದು ಇದ್ರಲ್ಲಿ ಕಾಣ್ತದಾ ಮಗಾ?’ ಅಂದ್ರು. ಇಲ್ಲ ಅನ್ನಕ್ಕ ಬಾಯಿ ಬರ್ನಿಲ್ಲ. ಈ ಗುಂಡಿ ಒತ್ತಿದ್ರ ಕಾಣ್ತದ ಕಣವ್ವ, ಒಂದ್ ನಿಮ್ಸ ನೋಡ್ಬುಟ್ಟು ತಿರ್ಗ ಒತ್ಬುಡಿ ಅಂದಿ."

"ಹನ್ನೊಂದು ನಿಮ್ಸ ಆಗದಲ್ಲೋ," ಅಂದೆ.

"ಮಗ್ಳ ಧಾರೆನ ಒಂದ್ ನಿಮ್ಸ ನೋಡು ಅಂದ್ರ ಯಾವ್ ತಾಯಿ ನೋಡ್ತಾಳ್ಲಾ? ಟೇಪಿಂದು ಬದಲಾಯ್ತದ ಅಂತ ಆವಮ್ಮಂಗ ಗೊತ್ತಿಲ್ಲ. ನಾ ಯೋಳ್ನಿಲ್ಲ. ಯೋಳಿದ್ರ ಒತ್ತುತ್ತಾನೇ ಇರ್ನಿಲ್ಲ."

"ಇಷ್ಟ್ ವರ್ಸ ಯಾಕ್ಲಾ ಬಾಯ್ಮುಚ್ಕಂಡಿದ್ದೆ?"

"ಯಾರ್ಗೂ ಯೋಳ್ಬ್ಯಾಡ ಮಗ ಅಂದಿದ್ರು. ಗೊತ್ತಾದ್ರ ಜನ ಅವ್ರ ಕಣ್ಣೇ ಬಿತ್ತು ಅನ್ನಕ್ಕಿಲ್ವಾ? ನೀನೂ ಐಸಿ ಮ್ಯಾಲ ಹಾಕಂಡಿದ್ದೆ. ಆ ಐಸಿಗೇನ್ ಮಾನವಾ ಮರ್ವಾದೆಯಾ, ಓಗ್ಲಿ ಅಂತ ಸುಮ್ಕಿದ್ದಿ."

ರತ್ನ ನಂಜುಂಡನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಕಂಪ್ಯೂಟರಿಗೆ ಇಳಿದಿದ್ದ ಆ ಹನ್ನೊಂದು ನಿಮಿಷವನ್ನು ಮತ್ತೆ ಮೂರು ಸಲ ಹಾಕಿಸಿ ನೋಡಿದಳು. ಮೂರನೆಯ ಸಲ ಅವ್ವ ನಕ್ಕಾಗ ಇವಳೂ ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ನನ್ನ ಕಡೆ ತಿರುಗಿ, "ಇಪ್ಪತ್ತೆಂಟು ವರ್ಸ ನಿಮ್ಮನ್ನ ಬೈದ್ನಲ್ಲ," ಎಂದಳು. ಕ್ಷಮಾಪಣೆ ಬರುತ್ತಿದೆ ಎಂದು ನಾನು ಎದೆ ಉಬ್ಬಿಸಿ, ಹೋಗಲಿ ಬಿಡು ಅನ್ನುವ ದೊಡ್ಡಮನುಷ್ಯನ ಮುಖ ಮಾಡಿಕೊಂಡೆ. ಅವಳ ಮಾತು ಮುಗಿದಿರಲಿಲ್ಲ. "ಬೈದಿದ್ದು ಕಮ್ಮಿ ಆಯ್ತು. ಒಂದಿನಾರ ನೀವು ಇದ್ನ ಓಡಿಸ್ದೆ ಪೂರ್ತಿ ನೋಡಿದ್ರ, ಅವ್ವ ಇದ್ದಾಗ್ಲೇ ಅವ್ವಂಗ ತೋರಿಸ್ಬೌದಾಗಿತ್ತು. ನೀ ನೋಡಿದ್ದು ನಂಗೊತ್ತು ಕಣವ್ವ ಅಂತ ಒಂದ್ ಮಾತ್ ಅನ್ಬೌದಾಗಿತ್ತು."

ಇದಕ್ಕೆ ನನ್ನ ಹತ್ತಿರ ಯಾವ ಐಸಿಯೂ ಇರಲಿಲ್ಲ. ಅವಳು ಹೇಳಿದ್ದು ಅಕ್ಷರಶಃ ನಿಜ. ಚಿತ್ರ ಕೆಟ್ಟಿದೆ ಅನ್ನಿಸಿದರೆ ಓಡಿಸಿಬಿಡುವುದು ನನ್ನ ಕಸುಬಿನ ಅಭ್ಯಾಸ. ಕೆಟ್ಟದ್ದನ್ನು ಪೂರ್ತಿ ನೋಡುವಷ್ಟು ತಾಳ್ಮೆ ಆ ಹೊಸ ಮದುವಣಿಗನಿಗೆ ಇರಲಿಲ್ಲ, ಆಮೇಲೆ ಧೈರ್ಯ ಇರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ, ಐಸಿ ಸುಟ್ಟಿಲ್ಲ, ನಾನು ಸುಳ್ಳು ಹೇಳಿದ್ದೆ ಎಂದು ಅದನ್ನೂ ಒಪ್ಪಿಸಿಬಿಟ್ಟೆ. "ಗೊತ್ತು ಬುಡಿ. ಸುಳ್ಳು ಯೋಳೋವಾಗ ನೀವು ಕಿವಿ ಕೆರ್ಕಂತೀರಿ," ಎಂದು ಕಿಟಕಿಯಾಚೆ ನೋಡಿದಳು.

ಅಮಾವಾಸ್ಯೆಯ ದಿನ ಎಡೆಯ ಮುಂದೆ ಅತ್ತೆ ಬಾಯ್ತುಂಬ ನಗುತ್ತಾ ಕೂತಿದ್ದರು. ಫೋಟೋದ ಒಂದು ಅಂಚಿಗೆ ನನ್ನ ಟಿವಿಯ ಮೂಲೆಯೂ ಬಂದಿದೆ. ಅದನ್ನು ಕತ್ತರಿಸಿಬಿಡುತ್ತೇನೆ ಎಂದು ನಂಜುಂಡ ಹೇಳಿದ್ದ, ರತ್ನ ಬೇಡವೆಂದಳು. ಈಗ ಮನೆಗೆ ಯಾರೇ ನೆಂಟರು ಬರಲಿ, ಕಾಫಿ ಕೊಟ್ಟ ಕೂಡಲೇ ರತ್ನ ಆ ಹನ್ನೊಂದು ನಿಮಿಷ ಹಾಕುತ್ತಾಳೆ. ಹೆಂಗಸರು ಅಳುತ್ತಾರೆ, ಗಂಡಸರು ಕೆಮ್ಮುತ್ತಾರೆ. ಉಳಿದ ಎರಡು ಗಂಟೆಯ ಮದುವೆಯನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ, ಅವಳೂ ತೋರಿಸಿಲ್ಲ. ಮೊನ್ನೆ ಸಂತೆಮರಹಳ್ಳಿಯಿಂದ ಬಂದಿದ್ದ ಅವಳ ಚಿಕ್ಕಮ್ಮ ಎಲ್ಲ ನೋಡಿ ಮುಗಿಸಿ, "ಅಲ್ಲ ಕಣವ್ವ, ಮದ್ವೆ ಅಂತೀಯ, ಗಂಡೆಲ್ಲಿ?" ಎಂದು ಕೇಳಿದರು. ರತ್ನ ಚಿತ್ರ ನಿಲ್ಲಿಸಿ, ಅವ್ವನ ಮುಂದಿದ್ದ ಟಿವಿಯೊಳಗೆ ಉಗುರಿನಷ್ಟಿದ್ದ ಒಂದು ಬಿಳಿ ಚುಕ್ಕೆಯನ್ನು ಬೆರಳಿಟ್ಟು ತೋರಿಸಿದಳು. "ಇಲ್ಲಿ ಕಾಣದಲ್ಲ, ಇದೇ ಇವ್ರು." ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿದರು. ನಾನೂ ಪಕ್ಕದಲ್ಲಿ ಬಗ್ಗಿ ನೋಡಿದೆ. ಸ್ವಲ್ಪ ಮಸುಕಾಗಿಯೇ ಇದ್ದೇನೆ. ಅದು ಐಸಿಯ ತಪ್ಪಲ್ಲ.